ರೆಡ್ ರಾಕ್ ಹುಡುಕಿಕೊಂಡು ಒರೆಗಾನ್ ಕರಾವಳಿಗೆ

ಗುರುವಾರ

ಅಮೆರಿಕದ ಪಶ್ಚಿಮ ಕರಾವಳಿಯ ಒರೆಗಾನ್‌ನಲ್ಲಿ ಏಡಿ ಹಿಡಿಯಲು ಹೊರಟಿದ್ದೇನೆ ಎಂದರೆ ಕೇಳಿದವರು ಡಂಜನೆಸ್ ಜಾತಿಯ ಏಡಿ ಎಂದೇ ತಿಳಿದುಕೊಳ್ಳುತ್ತಾರೆ. ಹೋಟೆಲಿನ ಫಲಕ, ಟೀ ಶರ್ಟು, ಮೀನಂಗಡಿಯ ಐಸು, ಎಲ್ಲ ಕಡೆ ಅದರದೇ ದರ್ಬಾರು. ಅದೇ ನೀರಿನಲ್ಲಿ ಅದರ ದಾಯಾದಿಯೊಂದಿದೆ. ಇಟ್ಟಿಗೆ ಬಣ್ಣ, ದಪ್ಪ ಚಿಪ್ಪು, ಕೊಂಬಿನ (ಇಕ್ಕಳದಂಥ ಮುಂಗಾಲಿನ) ತುದಿ ಕಪ್ಪು. ಹೆಸರು ರೆಡ್ ರಾಕ್. ಹೆಚ್ಚಿನವರು ಅದನ್ನು ಬಲೆಯಿಂದ ಬಿಡಿಸಿ, ಕೈಗೆ ಕಚ್ಚಿಸಿಕೊಳ್ಳದೆ ಪಾರಾದರೆ ಸಾಕು ಎಂದು ವಾಪಸ್ ನೀರಿಗೆ ಎಸೆಯುತ್ತಾರೆ. ನಾವು ಹೊರಟದ್ದು ಅದನ್ನೇ ಹಿಡಿಯಲಿಕ್ಕೆ.

ನಾವು ಅಂದರೆ ನಾನು ಮತ್ತು ಗಂಗೊಳ್ಳಿಯಿಂದ ಬಂದಿದ್ದ ಭಾವ. ಅಕ್ಕನಿಗೆ ಹಿಲ್ಸ್‌ಬರೊದಲ್ಲಿ ನನ್ನ ಮಕ್ಕಳ ಜೊತೆ ಇದ್ದರೆ ಸಾಕು, ಭಾವನಿಗೆ ಒಂದು ವಾರದಲ್ಲೇ ಮನೆ ಬೇಜಾರು ಬಂದಿತ್ತು. ಪಂಚಗಂಗಾವಳಿಯ ಅಳಿವೆಯ ಪಕ್ಕದಲ್ಲೇ ಬೆಳೆದ ಮನುಷ್ಯ. ಇಲ್ಲಿನ ಸೂಪರ್‌ಮಾರ್ಕೆಟಿನಲ್ಲಿ ಬೇಯಿಸಿಟ್ಟ ಡಂಜನೆಸ್ ನೋಡಿ, ಬೆಲೆ ಕೇಳಿ, ಮತ್ತೊಮ್ಮೆ ಕೇಳಿ, "ಹೊಳೆಗೆ ಹೋಪ ಮಾರಾಯ" ಅಂದಿದ್ದರು.

ಹಿಲ್ಸ್‌ಬರೊಕ್ಕೆ ಹತ್ತಿರ ಇರುವುದು ಟಿಲಮೂಕ್ ಮತ್ತು ನೆಟಾರ್ಟ್ಸ್ ಕೊಲ್ಲಿಗಳು. ಅಲ್ಲಿಯೂ ರೆಡ್ ರಾಕ್ ಇದೆ. ಆದರೆ ದೋಣಿ ಇಲ್ಲದವರಿಗೆ ನ್ಯೂಪೋರ್ಟೇ ಲೇಸು, ಅಲ್ಲಿ ನಿಂತು ಬಲೆ ಬಿಡಲು ಒಳ್ಳೆಯ ಪಿಯರ್, ಅಂದರೆ ನೀರಿನ ಮೇಲೆ ಚಾಚಿದ ಕಂಬದ ಕಟ್ಟೆ, ಇದೆ. ಕೊರ್ವಾಲಿಸ್ ದಾಟಿ 20ನೇ ಹೆದ್ದಾರಿ ಹಿಡಿದು, ಕೋಸ್ಟ್ ರೇಂಜಿನ ಕಾಡು ಇಳಿದು ಸಂಜೆ ಹೊತ್ತಿಗೆ ತಲುಪಿದೆವು. ದಾರಿಯ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ಭಾವ ನಿದ್ದೆ ಮಾಡಿದರು.

ಹೊರಡುವ ಮೊದಲೇ ಪರವಾನಗಿ ಮಾಡಿಸಿದ್ದೆ. ಹನ್ನೆರಡು ವರ್ಷ ತುಂಬಿದ ಪ್ರತಿಯೊಬ್ಬರಿಗೂ ಶೆಲ್‌ಫಿಶ್ ಲೈಸೆನ್ಸ್ ಬೇಕು. ಹೊರಗಿನಿಂದ ಬಂದವರಿಗೆ ಮೂರು ದಿನದ್ದು ಸಿಗುತ್ತದೆ. ಭಾವನಿಗೆ ಅದನ್ನೇ ಶುಕ್ರವಾರದಿಂದ ತೆಗೆದುಕೊಂಡೆ. ಫೋನಿನಲ್ಲಿ ಅವರ ಹೆಸರಿನ ಲೈಸೆನ್ಸ್ ತೋರಿಸಿದಾಗ ಅದರ ಸ್ಕ್ರೀನ್‌ಶಾಟ್ ತೆಗೆಸಿಕೊಂಡು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಏಡಿ ಹಿಡಿಯಲು ಸರ್ಕಾರದ ಕಾಗದ ಅಂದರೆ ಗಂಗೊಳ್ಳಿಯಲ್ಲಿ ಯಾರು ನಂಬುತ್ತಾರೆ?

ಬೇಫ್ರಂಟ್ ಬೀದಿಯ ಒಂದು ಅಂಗಡಿಯಲ್ಲಿ ರಿಂಗ್‌ಗಳನ್ನು ಬಾಡಿಗೆಗೆ ತಂದೆವು. ಒಬ್ಬರಿಗೆ ಮೂರರ ಮೇಲೆ ಹಾಕುವಂತಿಲ್ಲ. ರಿಂಗ್ ಎಂದರೆ ಎರಡು ಕಬ್ಬಿಣದ ಬಳೆ, ನಡುವೆ ಬಲೆ. ತಳ ಮುಟ್ಟಿದಾಗ ಚಪ್ಪಟೆಯಾಗಿ ಬಿದ್ದುಕೊಳ್ಳುತ್ತದೆ, ಹಗ್ಗ ಎಳೆದಾಗ ಮೇಲಿನ ಬಳೆ ಎದ್ದು ಬುಟ್ಟಿಯಾಗುತ್ತದೆ. ಅಂಗಡಿಯವನು ಅಳತೆಪಟ್ಟಿ ಕೊಡುತ್ತಾ, "ರೆಡ್ ರಾಕ್ ಬಂದರೆ ಅಳೆಯುವುದೂ ಬೇಡ, ಎಸೆದುಬಿಡಿ" ಅಂದ. ಅದಕ್ಕೇ ಬಂದದ್ದು ಎಂದಾಗ ಹುಬ್ಬು ಹಾರಿಸಿ, ಒಂದು ಸುತ್ತಿಗೆಯನ್ನೂ ಕೊಂಡುಕೊಳ್ಳಿ ಅಂದ. ತಮಾಷೆಗೆ ಹೇಳಿದ್ದಲ್ಲ ಎಂದು ಶನಿವಾರ ರಾತ್ರಿ ಗೊತ್ತಾಯಿತು.

ಅಂಗಡಿಯಿಂದ ಹೊರಗೆ ಬಂದರೆ ಕಡಲ ಸಿಂಹಗಳ ಬೊಬ್ಬೆ. ದಕ್ಕೆಯ ತೇಲುಹಲಗೆಗಳ ಮೇಲೆ ಒಂದರ ಮೇಲೊಂದು ಬಿದ್ದುಕೊಂಡು ಜಾಗಕ್ಕಾಗಿ ಜಗಳ. ಪ್ರವಾಸಿಗಳು ಫೋಟೋ ತೆಗೆಯುತ್ತಾರೆ. ಏಡಿ ಹಿಡಿಯುವವರಿಗೆ ಇವು ಕಳ್ಳರು, ಬಲೆಯಲ್ಲಿ ಮೀನಿನ ತಲೆ ಕಟ್ಟಿದರೆ ಬಲೆಯನ್ನೇ ಹರಿದು ತಿನ್ನುತ್ತವೆ. ಹಾಗಾಗಿ ನಾವು ಕೋಳಿಕಾಲು ಕೊಂಡೆವು. ಏಡಿಗೆ ಎರಡೂ ಆಗುತ್ತದೆ, ಕಡಲ ಸಿಂಹಕ್ಕೆ ಕೋಳಿ ಅಷ್ಟು ಹಿಡಿಸುವುದಿಲ್ಲ.

ಶುಕ್ರವಾರ

ಎಂಟು ಗಂಟೆಯ ಸುಮಾರಿಗೆ ಭರತ ತುಂಬುವ ಲೆಕ್ಕ. ಏಳಕ್ಕೆ ಸೌತ್ ಬೀಚ್ ಬದಿಯ ಸಾರ್ವಜನಿಕ ಪಿಯರ್ ಮೇಲಿದ್ದೆವು. ತಲೆಯೆತ್ತಿದರೆ ಯಕ್ವಿನಾ ಸೇತುವೆ. ಕಾಂಡೆ ಮೆಕಲ್ಲೊ ವಿನ್ಯಾಸ ಮಾಡಿ 1936ರಲ್ಲಿ ತೆರೆದದ್ದು, ಹಸಿರು ಬಣ್ಣದ ದೊಡ್ಡ ಕಮಾನು. ಈ ಕರಾವಳಿಯ ಅರ್ಧ ಚಂದ ಅವನ ಸೇತುವೆಗಳದ್ದು ಎಂಬುದು ನನ್ನ ಅಭಿಪ್ರಾಯ.

ಭರತ ಇಳಿತ ಜೋರಾಗಿ ಎಳೆಯುವಾಗ ಏಡಿ ಮರಳಿನಲ್ಲಿ ಹೂತುಕೊಳ್ಳುತ್ತದೆ, ಇಲ್ಲವೇ ಕಲ್ಲಿನ ಸಂದಿಯಲ್ಲಿ ಕೂರುತ್ತದೆ. ನೀರು ತುಂಬಿ ನಿಂತ ಹೊತ್ತು, ಪೂರ್ತಿ ಇಳಿದು ನಿಂತ ಹೊತ್ತು, ಆ ಒಂದೆರಡು ಗಂಟೆ ಅದು ಓಡಾಡುತ್ತದೆ. ಭಾವನಿಗೆ ಇದನ್ನು ಹೇಳಿಕೊಡುವ ಅಗತ್ಯ ಇರಲಿಲ್ಲ. ಅವರಿಗೆ ಆಶ್ಚರ್ಯವಾದದ್ದು ನೀರು ಏರಿದ ಎತ್ತರ ನೋಡಿ. ಪಿಯರ್‌ನ ಕಂಬಗಳ ಮೇಲೆ ಆಳೆತ್ತರಕ್ಕೆ ಬಾರ್ನಕಲ್ ಎಂಬ ಅಂಟಿಕೊಳ್ಳುವ ಚಿಪ್ಪುಜೀವಿ ಮತ್ತು ಪಚ್ಚಿಲೆ ಚಿಪ್ಪು ಹತ್ತಿಕೊಂಡಿದ್ದವು. ನಮ್ಮೂರ ಕಡೆ ಭರತ ಇಷ್ಟು ಏರುವುದಿಲ್ಲ. ಪಚ್ಚಿಲೆ ಕಂಡ ಕೂಡಲೇ ಅವರ ಕಣ್ಣು ಅರಳಿತು, ಅದರ ಕಾನೂನು ಬೇರೆ ಎಂದು ಹೇಳಿ ಎಳೆದುಕೊಂಡು ಹೋದೆ.

ಪಿಯರ್‌ನಲ್ಲಿ ಜಾಗ ಆರಿಸುವುದರಲ್ಲಿಯೇ ಡಂಜನೆಸ್ ಮತ್ತು ರೆಡ್ ರಾಕ್ ಬೇರೆಯಾಗುತ್ತವೆ. ಡಂಜನೆಸ್‌ಗೆ ಮರಳು, ಕೆಸರು ಇಷ್ಟ. ಅದನ್ನು ಹುಡುಕುವವರು ಕಾಲುವೆಯ ಕಡೆಗೆ ದೂರ ಎಸೆಯುತ್ತಾರೆ. ರೆಡ್ ರಾಕ್‌ಗೆ ಕಲ್ಲು, ಜಲ್ಲಿ, ಕಂಬದ ಬುಡ ಬೇಕು. ನಾವು ಹಾಗಾಗಿ ಕಂಬಗಳ ಪಕ್ಕಕ್ಕೇ ನೇರ ಇಳಿಸಿದೆವು. ಕಲ್ಲಿನ ಪಕ್ಕ ಎಂದರೆ ರಿಂಗ್ ಸಿಕ್ಕಿಕೊಳ್ಳುವ ಭಯ ಇದ್ದದ್ದೇ. ಒಂದು ರಿಂಗ್ ಹಾಗೆ ಸಿಕ್ಕಿಕೊಂಡು, ನೀರು ಇಳಿಯುವ ತನಕ ಅಲ್ಲೇ ಉಳಿಯಿತು.

ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಎಳೆಯಬೇಕು. ಎಳೆಯಲು ಶುರು ಮಾಡಿದ ಮೇಲೆ ಕೈ ನಿಲ್ಲಬಾರದು, ಹಗ್ಗ ಒಂದು ಕ್ಷಣ ಸಡಿಲವಾದರೂ ಬಳೆ ಕೆಳಗೆ ಬಿದ್ದು ಏಡಿ ಹೊರಗೆ. ಭಾವ ಎಳೆಯುವುದನ್ನು ನೋಡಬೇಕಿತ್ತು. ಕೈ ಮೇಲೆ ಕೈ, ಒಂದೇ ವೇಗ, ಹಗ್ಗ ಕಾಲಿನ ಪಕ್ಕ ತಾನೇ ಸುರುಳಿಯಾಗಿ ಬೀಳುತ್ತಿತ್ತು. ಪಕ್ಕದಲ್ಲಿದ್ದ ಹುಡುಗರಿಬ್ಬರು ಫೋನು ಕೆಳಗಿಟ್ಟು ನೋಡಿದರು.

ಮೊದಲು ಬಂದದ್ದೆಲ್ಲ ಚಿಕ್ಕ ಡಂಜನೆಸ್. ಚಿಪ್ಪಿನ ಅಗಲ 5¾ ಇಂಚು ಇರಬೇಕು, ಗಂಡೇ ಆಗಿರಬೇಕು, ದಿನಕ್ಕೆ 12. ಅಳೆದು ಬಿಟ್ಟೆವು, ಅಳೆದು ಬಿಟ್ಟೆವು.

"ಎಂತ ಮಾರಾಯ, ಹಿಡಿದದ್ದನ್ನೆಲ್ಲ ಅಳತೆ ಮಾಡಿ ಬಿಡುದೇ ಕೆಲಸವಾ?"

"ನೀವೇ ನೋಡಿ ಭಾವ, ಕಾಲಿಂಚು ಕಮ್ಮಿ."

"ಕಾಲಿಂಚಿಗೆ ಯಾರ್ ಕಾಣ್ತ್ರ್?"

ಕಾಣುತ್ತಾರೆ. ರಾಜ್ಯದ ಪೊಲೀಸರಲ್ಲಿ ಮೀನು ಮತ್ತು ಬೇಟೆಗೆಂದೇ ಒಂದು ವಿಭಾಗ ಇದೆ, ಪಿಯರ್ ಮೇಲೆ ಬಂದು ಬಕೆಟ್ ತೆಗೆದು ನೋಡುತ್ತಾರೆ ಎಂದೆ. ಅಲ್ಲಿಂದ ಮುಂದೆ ಅಳತೆಪಟ್ಟಿ ಭಾವನ ಕೈಯಲ್ಲೇ ಇತ್ತು, ನನಗಿಂತ ಕಟ್ಟುನಿಟ್ಟು.

ನೀರು ನಿಂತ ಮೇಲೆ ಕಂಬದ ಬುಡದ ರಿಂಗ್ ಭಾರವಾಗಿ ಬಂತು. ರೆಡ್ ರಾಕ್, ಜೋಡಿ. ದೊಡ್ಡದು ಕೋಳಿಕಾಲನ್ನು ತಬ್ಬಿಕೊಂಡಿತ್ತು, ಬಲೆ ಮೇಲೆ ಬಂದದ್ದೂ ಅದಕ್ಕೆ ಗೊತ್ತಿದ್ದ ಹಾಗಿರಲಿಲ್ಲ. ಚಿಪ್ಪಿನ ಮೇಲೆ ನಾಲ್ಕಾರು ಬಾರ್ನಕಲ್, ಕಣ್ಣುಗಳ ನಡುವೆ ಮುಂದಕ್ಕೆ ಚಾಚಿದ ಐದು ಸಣ್ಣ ಹಲ್ಲು, ಬೀಸಣಿಗೆ ಹರಡಿದಂತೆ ಚಿಪ್ಪಿನ ಅಂಚು. ಕೊಂಬುಗಳು ಮೈಗೆ ಹೋಲಿಸಿದರೆ ಎಷ್ಟೋ ದಪ್ಪ. ಆ ಕೊಂಬಿನಲ್ಲೇ ಅದು ಬಾರ್ನಕಲ್, ಪಚ್ಚಿಲೆ, ಮಳಿ ಎಲ್ಲ ಒಡೆದು ತಿನ್ನುವುದು. ಬಿಡಿಸಲು ಹೋದಾಗ ಅಳತೆಪಟ್ಟಿಯ ಪ್ಲಾಸ್ಟಿಕ್ ಹಿಡಿಯಿತು. ಕಟ್ ಎಂದಿತು, ಮೂಲೆ ಹೋಯಿತು.

ಭಾವ ಅದನ್ನು ಹಿಂದಿನಿಂದ ಹಿಡಿದು ಮಗುಚಿ, ಹಿಂಗಾಲನ್ನು ಬಿಡಿಸಿ ನೋಡಿದರು. ಚೂಪಾದ ತುದಿ. "ಈಜುದಿಲ್ಲ ಇದ್" ಅಂದರು. ಸರಿ. ನಮ್ಮ ಅಳಿವೆಯ ಕಪ್ಪೇಡಿಗೂ ಕಡಲಿನ ನೀಲಿ ಏಡಿಗೂ ಕೊನೆಯ ಜೊತೆ ಕಾಲು ಚಪ್ಪಟೆ, ಹುಟ್ಟು ಹಾಕಲು ಬರುವಂಥದ್ದು. ಕ್ಯಾಂಕ್ರಿಡೇ ಎಂಬ ಕುಟುಂಬದ ಈ ಏಡಿಗಳು, ಡಂಜನೆಸ್ ಸಹಿತ, ನಡೆಯುವವು.

ರೆಡ್ ರಾಕ್‌ಗೆ ಒರೆಗಾನ್‌ನಲ್ಲಿ ದಿನಕ್ಕೆ 24ರ ಮಿತಿ. ಗಾತ್ರದ ಕಟ್ಟು ಇಲ್ಲ, ಹೆಣ್ಣು ಗಂಡೆಂಬ ಭೇದ ಇಲ್ಲ. ಮೇಲಿನ ವಾಷಿಂಗ್ಟನ್ ರಾಜ್ಯದಲ್ಲಿ ಆರೇ, ಅದೂ ಐದು ಇಂಚು ಇರಬೇಕು. ಕೆಳಗಿನ ಕ್ಯಾಲಿಫೋರ್ನಿಯಾದಲ್ಲಿ ರಾಕ್ ಕ್ರ್ಯಾಬ್‌ಗಳು ಒಟ್ಟು 35, ನಾಲ್ಕು ಇಂಚಿನ ಮೇಲಿನವು. ಒರೆಗಾನ್‌ನ ಈ ಧಾರಾಳ ಯಾರೂ ಕೇಳದ ವಸ್ತುವಿಗೆ ತೋರಿಸುವ ಧಾರಾಳ ಎಂದು ನನಗೆ ಅನಿಸುತ್ತದೆ. ಸಿಗುತ್ತದೆಂದು ಚಿಕ್ಕದನ್ನೂ ಬಕೆಟ್ಟಿಗೆ ತುಂಬುವವರನ್ನು ಕಂಡಿದ್ದೇನೆ, ಅದರಲ್ಲಿ ಚಿಪ್ಪು ಬಿಟ್ಟರೆ ಏನೂ ಇಲ್ಲ. ನಾವು ಡಂಜನೆಸ್‌ನ ಅಳತೆಯ ಆಸುಪಾಸಿನ ಗಂಡುಗಳನ್ನು ಮಾತ್ರ ಇಟ್ಟುಕೊಂಡೆವು. ಹೆಣ್ಣಿನ ಕೊಂಬು ಚಿಕ್ಕದು, ಅದನ್ನು ಇಟ್ಟುಕೊಂಡು ಲಾಭವೂ ಇಲ್ಲ.

ಒಂದು ರಿಂಗ್‌ನಲ್ಲಿ ಹೆಬ್ಬೆರಳುಗುರಿಗಿಂತ ಸ್ವಲ್ಪ ದೊಡ್ಡ ಮರಿ ಬಂತು. ಮೈಯೆಲ್ಲ ಬಿಳಿ, ಅದರ ಮೇಲೆ ಕಂದು ಪಟ್ಟೆ. ಬೇರೆ ಜಾತಿ ಎಂದೇ ಭಾವ ವಾದ ಮಾಡಿದರು. ರೆಡ್ ರಾಕ್‌ನ ಮರಿಗಳೇ ಹಾಗೆ. ಬಿಳಿ, ಪಟ್ಟೆ, ಚುಕ್ಕೆ, ಒಂದರ ಹಾಗೆ ಇನ್ನೊಂದಿಲ್ಲ. ಬೆಳೆದ ಮೇಲೆ ಎಲ್ಲ ಇಟ್ಟಿಗೆ ಬಣ್ಣಕ್ಕೆ ಬರುತ್ತವೆ. ಬೆರಳ ತುದಿಯಲ್ಲಿ ಕೂರಿಸಿಕೊಂಡು ಕಪ್ಪು ಕೊಂಬಿನ ತುದಿ ತೋರಿಸಿದ ಮೇಲೆ ಒಪ್ಪಿದರು.

ಹನ್ನೊಂದರ ಹೊತ್ತಿಗೆ ನೀರು ಎಳೆಯತೊಡಗಿತು, ಗಾಳಿಯೂ ಎದ್ದಿತು. ಬಲೆ ಸುತ್ತುವಾಗ ಪಿಯರ್‌ನ ತುದಿಯಲ್ಲಿದ್ದ ಹಿರಿಯರೊಬ್ಬರು ಬಂದು ತಮ್ಮ ಬಕೆಟ್ ತೋರಿಸಿದರು. ಅವರಿಗೆ ಬೇಕಿದ್ದದ್ದು ಡಂಜನೆಸ್, ಬಂದದ್ದು ರೆಡ್ ರಾಕ್. ಎಸೆಯಲೇ, ನಿಮಗೆ ಕೊಡಲೇ ಎಂದು ಕೇಳಿದರು. ಒಬ್ಬರ ಮಿತಿಯ ಲೆಕ್ಕ ಇನ್ನೊಬ್ಬರಿಗೆ ದಾಟಿಸುವುದು ತಲೆನೋವು, ಬೇಡವೆಂದೆ. ಇಷ್ಟು ಕೈಗೆ ಬಂದದ್ದನ್ನು ಬೇಡವೆನ್ನುವವನನ್ನು ಭಾವ ಜೀವನದಲ್ಲಿ ಕಂಡಿರಲಿಲ್ಲ. ಸಂಜೆಯ ತನಕ ಅದೇ ಮಾತು.

ಮಧ್ಯಾಹ್ನ ಅಲ್ಲೇ ಹತ್ತಿರ ಹ್ಯಾಟ್‌ಫೀಲ್ಡ್ ಸಾಗರ ವಿಜ್ಞಾನ ಕೇಂದ್ರ ನೋಡಿದೆವು. ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ್ದು, 1965ರಿಂದ ಇದೆ. ನಾವು ಹಿಡಿದ ಏಡಿಗಳು ಆಗ ನಮ್ಮ ಬಾಡಿಗೆ ಕೋಣೆಯಲ್ಲಿ, ಒದ್ದೆ ಗೋಣಿಯ ಅಡಿಯಲ್ಲಿ, ಐಸ್ ಮೇಲಿಟ್ಟ ಹಲಗೆಯ ಮೇಲಿದ್ದವು. ಬಕೆಟ್ ನೀರಿನಲ್ಲಿ ಬಿಟ್ಟರೆ ಅದರ ಗಾಳಿ ಮುಗಿದು ಸಾಯುತ್ತವೆ. ತಂಪು ಮತ್ತು ಪಸೆ ಇದ್ದರೆ ಹೊರಗೇ ಬದುಕುತ್ತವೆ.

ಶನಿವಾರ

101ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ. ವಾಲ್ಡ್‌ಪೋರ್ಟ್, ಯಾಹಾಟ್ಸ್, ಹೆಸೀಟಾ ಹೆಡ್‌ನ ದೀಪಸ್ತಂಭ, ಫ್ಲಾರೆನ್ಸ್, ಆಮೇಲೆ ಮರಳ ದಿಬ್ಬಗಳು. ನೂರು ಮೈಲಿಯ ಈ ದಾರಿ ಚಂದ, ಚಂದವೆಂದು ಎಲ್ಲರೂ ಬರೆದಿದ್ದಾರೆ.

ನಡುವೆ ವಿಂಚೆಸ್ಟರ್ ಬೇಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಅಂಪ್‌ಕ್ವಾ ನದಿಯ ಅಳಿವೆ, ಡಂಜನೆಸ್‌ಗೆ ಹೆಸರಾದ ಜಾಗ, ದಕ್ಕೆಯ ಮೇಲೆ ಜನವೋ ಜನ. ಭಾವ ರಿಂಗ್ ಇಳಿಸಲು ಹೊರಟರು. ರೆಡ್ ರಾಕ್ ಬೇಕಾದರೆ ಇಲ್ಲಿ ಹೊತ್ತು ಕಳೆಯುವುದು ದಂಡ ಎಂದೆ. ಅಂಪ್‌ಕ್ವಾ ಒಳನಾಡಿನಿಂದ ಬಹಳ ಸಿಹಿನೀರು ತರುವ ನದಿ. ಡಂಜನೆಸ್ ಉಪ್ಪು ಸ್ವಲ್ಪ ಕಮ್ಮಿಯಾದರೂ ಸುಧಾರಿಸಿಕೊಳ್ಳುತ್ತದೆ. ರೆಡ್ ರಾಕ್ ಮೈಯೊಳಗಿನ ಉಪ್ಪಿನ ಹದ ಕಾಯ್ದುಕೊಳ್ಳಲಾರದು, ಕಡಲಿನಷ್ಟೇ ಉಪ್ಪು ನೀರು ಅದಕ್ಕೆ ಬೇಕು. ಒರೆಗಾನ್‌ನ ಎಲ್ಲ ಅಳಿವೆಗಳಲ್ಲಿ ಅದು ಇಲ್ಲದಿರುವುದು ಇದಕ್ಕೇ. ನಾವು ಸೆಪ್ಟೆಂಬರ್ ಕೊನೆಗೆ ಬಂದದ್ದೂ ಇದಕ್ಕೇ. ಮಳೆ ಹಿಡಿದು ನದಿಗಳು ಕೆಂಪಾದ ಮೇಲೆ ಕೊಲ್ಲಿಗಳಲ್ಲಿ ಏಡಿ ಹುಡುಕುವುದು ವ್ಯರ್ಥ. ಭಾವ ತಲೆಯಾಡಿಸಿದರು. ಮುಂಗಾರಿಗೆ ಅಳಿವೆ ಸಿಹಿಯಾದಾಗ ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ ಎಂಬ ಪಟ್ಟಿ ಅವರ ಬಾಯಲ್ಲೇ ಇತ್ತು, ವಿಂಚೆಸ್ಟರ್ ಬೇಯಿಂದ ನಾರ್ತ್ ಬೆಂಡ್ ತನಕ ಕೇಳಿದೆ.

ನಾರ್ತ್ ಬೆಂಡ್‌ನಲ್ಲಿ ಮತ್ತೆ ಮೆಕಲ್ಲೊ. ಕೂಸ್ ಕೊಲ್ಲಿಯ ಮೇಲಿನ ಈ ಸೇತುವೆಯೂ 1936ರದ್ದೇ, ಅವನು ಸತ್ತ ಮೇಲೆ 1947ರಲ್ಲಿ ಅವನ ಹೆಸರಿಟ್ಟರು. ಅಲ್ಲಿಂದ ಕೊಲ್ಲಿಯ ಬಾಯಿಗೆ ಇಳಿದರೆ ಚಾರ್ಲ್‌ಸ್ಟನ್. ಮೀನುದೋಣಿಗಳ ದಕ್ಕೆ, ಡೀಸೆಲ್ ವಾಸನೆ, ಗೂಡಂಗಡಿಗಳು. ಭಾವ ಕಾರಿಳಿದು ಉಸಿರೆಳೆದು, "ಈಗ ಊರು ಅನ್ಸ್ತ್" ಅಂದರು.

ಮೂರು ಗಂಟೆಗೆ ಇಳಿತ ಮುಗಿದು ನೀರು ನಿಂತಿತು. ತೇಲುದಕ್ಕೆಯ ಅಂಚಿನಲ್ಲಿ ರಿಂಗ್ ಬಿಟ್ಟರೆ ನೀರಿಗೂ ಕೈಗೂ ಮಾರುದ್ದವೂ ಇಲ್ಲ, ಎಳೆಯುವುದು ಸುಲಭ. ಇಲ್ಲಿ ಕಡಲು ಹತ್ತಿರ, ನೀರಿಗೆ ಉಪ್ಪು ಜಾಸ್ತಿ, ರೆಡ್ ರಾಕ್ ನ್ಯೂಪೋರ್ಟಿಗಿಂತ ಚುರುಕಾಗಿ ಬಂದವು. ಪಕ್ಕದಲ್ಲಿ ಒಂದು ವಿಯೆಟ್ನಾಮಿ ಕುಟುಂಬ. ಅವರೂ ಕಂಬದ ಬುಡಕ್ಕೇ ಬಿಟ್ಟಿದ್ದರು, ಅವರ ಬಕೆಟ್ಟಿನಲ್ಲೂ ಕಪ್ಪು ಕೊಂಬುಗಳೇ. ಅಜ್ಜಿ ನಮ್ಮ ಬಕೆಟ್ ಬಗ್ಗಿ ನೋಡಿ ಹೆಬ್ಬೆರಳು ಎತ್ತಿದರು. ದಕ್ಕೆಯ ಮೇಲೆ ಅದನ್ನು ಬೇಕೆಂದೇ ಹಿಡಿಯುತ್ತಿದ್ದವರು ನಮ್ಮೆರಡು ಮನೆಯವರು ಮಾತ್ರ.

ಇಲ್ಲಿ ಇನ್ನೊಂದು ಅತಿಥಿ ಬಂತು. ಅಂಗೈಯಗಲದ, ಹಸಿರು ಮಿಶ್ರಿತ ಏಡಿ. ಕಣ್ಣಿನ ಪಕ್ಕ ಎರಡೂ ಕಡೆ ಐದೈದು ಮುಳ್ಳು ಎಣಿಸಿ ಖಚಿತ ಮಾಡಿಕೊಂಡೆ, ಬಣ್ಣ ನಂಬುವಂತಿಲ್ಲ. ಯುರೋಪಿನ ಗ್ರೀನ್ ಕ್ರ್ಯಾಬ್, 1989ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಕಂಡು, ತೊಂಬತ್ತರ ದಶಕದ ಕೊನೆಗೆ ಇಲ್ಲಿಗೂ ಮುಟ್ಟಿದ ವಲಸೆಗಾರ. ಚಿಪ್ಪುಮೀನಿನ ಮರಿಗಳನ್ನು ತಿಂದು, ಈಲ್‌ಗ್ರಾಸ್ ಎಂಬ ಕಡಲಹುಲ್ಲಿನ ಬುಡ ಕೆದಕಿ ಹಾಳು ಮಾಡುತ್ತದೆ. ಅದಕ್ಕೆ ದಿನಕ್ಕೆ 35ರ ತನಕ ಹಿಡಿಯಬಹುದು. ತಿನ್ನಲು ಅದರಲ್ಲಿ ಮಾಂಸವಿಲ್ಲ, ಜಜ್ಜಿ ಕುದಿಸಿದರೆ ಸಾರಿಗೆ ರುಚಿ ಬರುತ್ತದೆ. ಸಿಕ್ಕವನ್ನು ಇಟ್ಟುಕೊಂಡೆವು.

ರಾತ್ರಿ ಒಲೆ ಇರುವ ಬಾಡಿಗೆ ಕೋಣೆಯಲ್ಲಿ ಅಡುಗೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆ ಹುರಿದು, ಬೆಳ್ಳುಳ್ಳಿ ಹುಣಸೆ ಹಾಕಿ ಅಕ್ಕ ರುಬ್ಬಿಕೊಟ್ಟದ್ದು ಡಬ್ಬದಲ್ಲಿತ್ತು. ಜೊತೆಗೆ ಫ್ರೋಜನ್ ಕಾಯಿತುರಿ. ಅಂದು ಮಾಡಿದ್ದು ಸುಕ್ಕ.

ಚಿಪ್ಪು ಎತ್ತಿದ ಕೂಡಲೇ ಜಗಳ ಶುರುವಾಯಿತು. ಒಳಗಿನ ಹಳದಿಯನ್ನು ನಾನು ಚಮಚದಿಂದ ತೆಗೆದು ಎಸೆಯುವುದು ಕಂಡು ಭಾವ ನನ್ನ ಕೈ ಹಿಡಿದರು.

"ಹುಚ್ಚಾ ನಿಂಗೆ? ಏಡಿ ರುಚಿ ಇಪ್ಪುದೇ ಅಲ್ಲಿ."

ಇಲ್ಲಿನ ಕಡಲಿನಲ್ಲಿ ಸೂಡೊನಿಟ್ಷಿಯಾ ಎಂಬ ಪಾಚಿ ಕೆಲವೊಮ್ಮೆ ವಿಪರೀತ ಹೆಚ್ಚುತ್ತದೆ. ಅದು ಮಾಡುವ ಡೊಮೋಯಿಕ್ ಆಮ್ಲ ಚಿಪ್ಪುಮೀನಿಗೆ, ಅಲ್ಲಿಂದ ಏಡಿಗೆ ಹೋಗಿ ಈ ಹಳದಿಯಲ್ಲೇ ಸೇರುತ್ತದೆ. ಬೇಯಿಸಿದರೂ ಹೋಗುವುದಿಲ್ಲ. ತಲೆಗೆ ಪೆಟ್ಟು ಕೊಡುವ ವಿಷ, ನೆನಪನ್ನೇ ಕೆಡಿಸಬಲ್ಲದು. 2015ರಲ್ಲಿ ಇದು ಎಷ್ಟು ಹಬ್ಬಿತ್ತೆಂದರೆ ಪಶ್ಚಿಮ ತೀರದ ಡಂಜನೆಸ್ ಹಂಗಾಮೇ ತಡವಾಗಿ ಶುರುವಾಯಿತು. ಒರೆಗಾನ್‌ನ ಕೃಷಿ ಇಲಾಖೆ ಪರೀಕ್ಷೆ ಮಾಡಿ ಎಲ್ಲಿ ಹಿಡಿಯಬಹುದು, ಎಲ್ಲಿ ಬೇಡ ಎಂದು ಹೇಳುತ್ತದೆ, ಹೊರಡುವ ಮೊದಲು ನೋಡಿಯೇ ಬಂದಿದ್ದೆ. ಆದರೂ ಬೇಯಿಸುವ ಮೊದಲೇ ಹೊಟ್ಟೆಭಾಗವನ್ನೆಲ್ಲ ತೆಗೆಯಿರಿ ಎಂಬುದು ಅವರ ಸಲಹೆ. ನಮ್ಮ ಊಟದಲ್ಲಿ ಅತಿ ಕಷ್ಟದ ತ್ಯಾಗ ಇದು, ಆದರೂ ಈ ವಿಷಯದಲ್ಲಿ ನನ್ನದು ರಾಜಿ ಇಲ್ಲ. ಭಾವ ಎರಡು ನಿಮಿಷ ಮುಖ ಊದಿಸಿಕೊಂಡಿದ್ದು ಆಮೇಲೆ ತಾವೇ ನಲ್ಲಿ ಕೆಳಗೆ ತೊಳೆದರು.

ಕೋಣೆಯಲ್ಲಿದ್ದ ಏಡಿ ಒಡೆಯುವ ಇಕ್ಕಳ ರೆಡ್ ರಾಕ್ ಕೊಂಬಿಗೆ ಬಗ್ಗಿಹೋಯಿತು. ಕಾರಿನಿಂದ ಸುತ್ತಿಗೆ ಬಂತು. ಪ್ರತಿ ಕೊಂಬಿಗೂ ಬಟ್ಟೆ ಸುತ್ತಿ ಒಂದೇ ಪೆಟ್ಟು, ಬಿರುಕು ಬಿಟ್ಟರೆ ಸಾಕು, ಮಸಾಲೆ ಒಳಗೆ ಇಳಿಯಬೇಕು.

ಬಾಣಲೆಯಲ್ಲಿ ನೀರು ಆರಿ, ಕಾಯಿತುರಿ ಕೊಂಬಿನ ಬಿರುಕಿಗೆಲ್ಲ ಹತ್ತಿಕೊಂಡು, ಕೆಂಪು ಕಡುಗೆಂಪಾದ ಮೇಲೆ ಇಳಿಸಿದೆವು. ಜೊತೆಗೆ ಬಿಸಿ ಅನ್ನ, ಗ್ರೀನ್ ಕ್ರ್ಯಾಬಿನ ಸಾರು. ಭಾವ ಒಂದು ಕೊಂಬು ಬಾಯಿಗಿಟ್ಟು ಚೀಪಿ, ಬಿಡಿಸಿ, ದಾರದಂಥ ಮಾಂಸವನ್ನು ಹಲ್ಲಲ್ಲಿ ಎಳೆದರು. ಬಹಳ ಹೊತ್ತು ಮಾತಿಲ್ಲ. ಮಾಂಸ ಸಿಹಿ, ಡಂಜನೆಸ್‌ಗಿಂತ ಬಿಗಿ. ಜೊತೆಗೆ ಬೇಯಿಸಿದ್ದ ಒಂದು ಡಂಜನೆಸ್ ಮೆತ್ತಗಾಗಿ ಮಸಾಲೆಯಲ್ಲಿ ಕರಗಿಹೋಗಿತ್ತು.

ರೆಡ್ ರಾಕ್ ಯಾಕೆ ಬೇಡವಾಗಿದೆ ಎಂದು ಇಲ್ಲಿನವರನ್ನು ಕೇಳಿದರೆ ಒಂದೇ ಉತ್ತರ: ಕೆಲಸ ಜಾಸ್ತಿ, ಮಾಂಸ ಕಮ್ಮಿ. ಡಂಜನೆಸ್‌ನ ತೂಕದಲ್ಲಿ ಕಾಲು ಭಾಗದಷ್ಟು ಮಾಂಸ, ಬೆರಳಲ್ಲೇ ಬಿಡಿಸಬಹುದು, ತಟ್ಟೆಯಲ್ಲಿ ಗುಡ್ಡೆ ಹಾಕಿ ಬೆಣ್ಣೆಯಲ್ಲಿ ಅದ್ದಿ ತಿನ್ನಬಹುದು. ಹಾಗೆ ತಿನ್ನುವವರಿಗೆ ಅವರ ಲೆಕ್ಕ ಸರಿ. ನಾವು ಏಡಿಯನ್ನು ಚಿಪ್ಪು ಸಮೇತ ಮಸಾಲೆಗೆ ಹಾಕುವವರು, ಊಟಕ್ಕೆ ಒಂದು ಗಂಟೆ ಕೂರುವವರು, ಕೊಂಬು ಕಡಿಯುವುದನ್ನು ಕೆಲಸ ಅನ್ನದವರು. ತೂಕದ ತಕ್ಕಡಿ ನಮಗೆ ಯಾಕೆ? ದಪ್ಪ ಚಿಪ್ಪಿನ ಏಡಿ ಸಾರಿಗೆ, ಸುಕ್ಕಕ್ಕೆ ಬಿಟ್ಟುಕೊಡುವ ರಸ ತೆಳು ಚಿಪ್ಪಿನದ್ದು ಕೊಡುವುದಿಲ್ಲ. ವಿಯೆಟ್ನಾಮಿ ಅಜ್ಜಿಗೂ ಇದು ಗೊತ್ತು.

ಭಾನುವಾರ

ಬೆಳಿಗ್ಗೆ ಮತ್ತೊಮ್ಮೆ ರಿಂಗ್ ಬಿಟ್ಟೆವು. ಸಣ್ಣ ಮಳೆ, ದಕ್ಕೆಯಲ್ಲಿ ಜನ ಕಮ್ಮಿ. ಒಂದು ಸೀಲ್ ಅಲ್ಲೇ ತಲೆಯೆತ್ತಿ ನೋಡುತ್ತಾ ಕೂತಿತ್ತು, ಕೋಳಿ ಎಂದು ಗೊತ್ತಾದ ಮೇಲೆ ಹೋಯಿತು. ಮನೆಗೆ ಒಯ್ಯಲು ಬೇಕಾದಷ್ಟು ಸಿಕ್ಕಿತು, 24ರ ಹತ್ತಿರವೂ ಹೋಗಲಿಲ್ಲ, ಹೋಗಬೇಕೂ ಇರಲಿಲ್ಲ.

ರೀಡ್ಸ್‌ಪೋರ್ಟಿನಿಂದ 38ನೇ ಹೆದ್ದಾರಿ ಹಿಡಿದು ಅಂಪ್‌ಕ್ವಾ ಪಕ್ಕದಲ್ಲೇ ಒಳನಾಡಿಗೆ ಹೊರಟೆವು. ಡೀನ್ ಕ್ರೀಕ್‌ನ ಹುಲ್ಲುಗಾವಲಿನಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಗಳ ಹಿಂಡು ಮೇಯುತ್ತಿತ್ತು. ಭಾವ ಕಾರಿನಿಂದ ಇಳಿಯಲೇ ಇಲ್ಲ, ಅಕ್ಕನ ಜೊತೆ ಫೋನಿನಲ್ಲಿದ್ದರು.

"ಎಷ್ಟ್ ಸಿಕ್ತ್?" ಅಕ್ಕನ ಪ್ರಶ್ನೆ ಹೊರಗೆ ಕೇಳುತ್ತಿತ್ತು.

"ಸುಮಾರ್ ಇತ್ತ್. ಕಲ್ಲಿನಂತ ಚಿಪ್ಪ್. ನೀನ್ ಮಸಾಲೆ ಅರ್ದ್ ಇಡ್. ಕಾಯಿ ಜಾಸ್ತಿ ಹಾಕ್."

"ಒಡೂದ್ ಯಾರ್?"

ಭಾವ ನನ್ನ ಕಡೆ ನೋಡಿ, ಸುತ್ತಿಗೆ ತಂದಿದ್ದೇವೆ ಎಂದು ಹೇಳಿ ಫೋನು ಇಟ್ಟರು.